ಬಡ ಮಣ್ಣಿನ ಮೇಲೆ ದೊಡ್ಡ ಕಾಡು

ನಲವತ್ತು ಮೀಟರ್ ಎತ್ತರದ ಮರ ಬೆಳೆಯುವ ನೆಲ ಫಲವತ್ತಾಗಿರಲೇಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅಮೆಜಾನಿನಲ್ಲಿ ಕಾಡು ಕಡಿದು, ಸುಟ್ಟು, ಬಿತ್ತಿದವರ ಅನುಭವ ಬೇರೆ. ಬೂದಿಯ ಬಲದಿಂದ ಎರಡು ಮೂರು ವರ್ಷ ಬೆಳೆ ಬರುತ್ತದೆ, ಆಮೇಲೆ ನೆಲ ಕೈಕೊಡುತ್ತದೆ. ಲಕ್ಷಾಂತರ ವರ್ಷ ಸುರಿದ ಮಳೆ ಅಲ್ಲಿನ ಬಹುಪಾಲು ಮಣ್ಣಿನ ಸಾರವನ್ನು ಎಂದೋ ತೊಳೆದುಕೊಂಡು ಹೋಗಿದೆ. ಈ ಕಾಡಿಗೆ ನೆಲದಡಿಯ ಕಣಜವಿಲ್ಲ, ಬಿದ್ದ ಎಲೆಯೇ ಅದರ ನಿತ್ಯದ ದವಸ.

ವೆನೆಜುವೆಲಾದಲ್ಲಿ, ರಿಯೋ ನೀಗ್ರೊ ದಂಡೆಯ ಸಾನ್ ಕಾರ್ಲೋಸ್ ಬಳಿಯ ಕಾಡಿನಲ್ಲಿ ತರಗೆಲೆ ಸರಿಸಿದರೆ ಮಣ್ಣು ಕಾಣದು. ಹೆಣೆದುಕೊಂಡ ಎಳೆಬೇರುಗಳ ದಪ್ಪ ಹಾಸು ಕಾಣುತ್ತದೆ. ಬೇರುಗಳು ಮೇಲಕ್ಕೆ ತೆವಳಿ ಕೊಳೆಯುವ ಎಲೆಗೇ ಅಂಟಿಕೊಳ್ಳುತ್ತವೆ. ಜೊತೆಗಿರುವ ಶಿಲೀಂಧ್ರದ ಎಳೆಗಳು ಎಲೆಯ ಸಾರವನ್ನು ಹೀರಿ ಬೇರಿಗೆ ದಾಟಿಸುತ್ತವೆ. ನೆಲ್ಲಿ ಸ್ಟಾರ್ಕ್ ಮತ್ತು ಕಾರ್ಲ್ ಜೋರ್ಡಾನ್ ಈ ಹಾಸಿನ ಮೇಲೆ ವಿಕಿರಣಶೀಲ ಕ್ಯಾಲ್ಸಿಯಂ ಮತ್ತು ರಂಜಕ ಚಿಮುಕಿಸಿ ನೋಡಿದರು. ಹಾಸು ದಾಟಿ ಕೆಳಗಿಳಿದದ್ದು ಸಾವಿರದಲ್ಲಿ ಒಂದು ಪಾಲು ಮಾತ್ರ ಎಂದು 1978ರಲ್ಲಿ ವರದಿ ಮಾಡಿದರು.

ಆದರೂ ಇಡೀ ಅಮೆಜಾನಿನಿಂದ ವರ್ಷವರ್ಷವೂ ಒಂದಷ್ಟು ರಂಜಕ ಹೊಳೆ ಸೇರುತ್ತದೆ. ಅದನ್ನು ತುಂಬಿಕೊಡುವವರಲ್ಲಿ ಅಟ್ಲಾಂಟಿಕ್ ಆಚೆಯ ಸಹಾರಾ ಕೂಡ ಒಂದು. ಚಾಡ್ ದೇಶದ ಬೊಡೆಲೆ ತಗ್ಗು ಬತ್ತಿದ ಸರೋವರದ ತಳ. ಅಲ್ಲಿಂದ ಏಳುವ ದೂಳಿನಲ್ಲಿ ರಂಜಕ ಹೇರಳ. ಆಫ್ರಿಕಾದಿಂದ ವರ್ಷಕ್ಕೆ ಸುಮಾರು 2.77 ಕೋಟಿ ಟನ್ ದೂಳು ಬಂದು ಅಮೆಜಾನಿನ ಮೇಲೆ ಬೀಳುತ್ತದೆ, ಅದರಲ್ಲಿ 22,000 ಟನ್ನಿನಷ್ಟು ರಂಜಕವಿರುತ್ತದೆ ಎಂಬುದು ಕಲಿಪ್ಸೊ ಉಪಗ್ರಹದ 2007–2013ರ ಮಾಹಿತಿ ಆಧರಿಸಿದ ಅಂದಾಜು. ಹೊಳೆಪಾಲಾಗುವುದೂ ಹೆಚ್ಚುಕಡಿಮೆ ಅಷ್ಟೇ.

ನೀರೂ ಹೀಗೆಯೇ ಮತ್ತೆಮತ್ತೆ ಬಳಕೆಯಾಗುತ್ತದೆ. ಸಮುದ್ರದ ಆವಿ ಪೂರ್ವದಲ್ಲಿ ಮಳೆಯಾಗುತ್ತದೆ, ಬೇರು ಅದನ್ನು ಎತ್ತುತ್ತದೆ, ಎಲೆ ಅದನ್ನು ಆವಿಯಾಗಿ ಹೊರಬಿಡುತ್ತದೆ, ಗಾಳಿ ಪಶ್ಚಿಮಕ್ಕೆ ಒಯ್ದು ಮತ್ತೆ ಸುರಿಸುತ್ತದೆ. ಆಮ್ಲಜನಕದ ಭಾರದ ರೂಪವಿರುವ ನೀರು ಮೊದಲು ಸುರಿಯುವುದರಿಂದ, ಸಮುದ್ರದ ಆವಿಯೊಂದೇ ಮೂಲವಾಗಿದ್ದರೆ ಒಳನಾಡಿಗೆ ಹೋದಂತೆ ಮಳೆನೀರಿನಲ್ಲಿ ಆ ಭಾರದ ಆಮ್ಲಜನಕ ಬೇಗ ಕಡಿಮೆಯಾಗಬೇಕಿತ್ತು. ಹಾಗಾಗುವುದಿಲ್ಲ ಎಂದು ಬ್ರೆಜಿಲ್ಲಿನ ಎನೆಯಾಸ್ ಸಲಾಟಿ 1970ರ ದಶಕದಲ್ಲಿ ಕಂಡುಕೊಂಡರು. ಅಲ್ಲಿನ ಮಳೆಯ ಅರ್ಧದಷ್ಟು ಕಾಡೇ ಮರಳಿಸಿದ ನೀರು ಎಂದು ಲೆಕ್ಕಹಾಕಿದರು. ಆಂಡಿಸ್ ಪರ್ವತ ತಡೆದಾಗ ಈ ತೇವದ ಗಾಳಿ ದಕ್ಷಿಣಕ್ಕೆ ತಿರುಗಿ ಪರಾಗ್ವೆ, ದಕ್ಷಿಣ ಬ್ರೆಜಿಲ್‌ಗೆ ಮಳೆ ತರುತ್ತದೆ.

ಆದ್ದರಿಂದ ಪೂರ್ವದಲ್ಲಿ ಮರ ಉರುಳಿದರೆ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಬೇರಿನ ಹಾಸು ಸತ್ತು ಸಾರ ಹೊಳೆ ಸೇರುತ್ತದೆ; ಆವಿ ಕಡಿಮೆಯಾಗಿ, ಕೊಡಲಿಯನ್ನೇ ಕಾಣದ ಪಶ್ಚಿಮದ ಕಾಡಿಗೂ ಮಳೆ ತಗ್ಗುತ್ತದೆ. ಕಾಡು ಸವರಿ ಸೋಯಾ ಬೆಳೆಯುವವರ ಹೊಲ ಕಾಯುವುದೂ ಅದೇ ಮಳೆಗೆ.