ಮೂರು ಬಾಲ್ ಮೇಲೆ ಹೋದ್ರೆ ಉಸಿರಾಟದ ಸ್ನಾಯು ಗಟ್ಟಿಯಾಗುತ್ತಾ?

ಸುಂಕದಕಟ್ಟೆಯಿಂದ ಮಾತಾಡ್ತಿದ್ದೀನಿ, ಮಧ್ಯೆ ಮಾಗಡಿ ರಸ್ತೆ ಹಾರ್ನ್ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಕೋವಿಡ್ ಟೈಮಲ್ಲಿ ಎಷ್ಟೋ ಮನೆಗೆ ಬಂತಲ್ಲ, ಪೈಪ್ ಇರೋ ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೂರು ಬಾಲು? ಅದನ್ನೇ ಈಗ ಸಿಒಪಿಡಿ ಇರೋ ಅಪ್ಪನ ಕೈಗೆ ಕೊಟ್ಟು 'ಎಕ್ಸರ್‌ಸೈಜ್ ಮಾಡಿ' ಅಂತೀವಿ. ಅದು ಬೇರೆ, ಉಸಿರಾಟದ ಸ್ನಾಯು ತರಬೇತಿ ಬೇರೆ.

ಸಿಒಪಿಡಿಯಲ್ಲಿ ಶ್ವಾಸನಾಳ ಕಿರಿದಾಗಿ ಉಸಿರು ಪೂರ್ತಿ ಹೊರಗೆ ಬರಲ್ಲ. ಬೀಡಿ, ಸಿಗರೇಟು ಸೇದೋರಿಗೆ ಮಾತ್ರ ಅಲ್ಲ, ವರ್ಷಗಟ್ಟಲೆ ಸೌದೆ ಒಲೆ ಮುಂದೆ ಕೂತ ಅಜ್ಜಿಯರಿಗೂ ಇದು ಬರುತ್ತೆ. ಗಾಳಿ ಒಳಗೇ ಉಳಿದು ಶ್ವಾಸಕೋಶ ಉಬ್ಬಿದಾಗ, ಕೆಳಗೆ ಗುಮ್ಮಟದ ಥರ ಇರಬೇಕಾದ ವಪೆ, ಅಂದ್ರೆ ಡಯಾಫ್ರಮ್, ಚಪ್ಪಟೆಯಾಗುತ್ತೆ. ಆಗ ಅದಕ್ಕೆ ಉಸಿರು ಎಳೆಯೋ ಬಲ ಕಮ್ಮಿ. ನಾನು ಓದಿದ್ದು ಬಿಕಾಂ, ಹಾಗಾಗಿ ನಂಗೆ ಅರ್ಥವಾಗಿದ್ದು ಹೀಗೆ: ಬಾಡಿಗೆನೇ ಆದಾಯ ತಿಂದುಹಾಕಿದ್ರೆ ವ್ಯಾಪಾರಕ್ಕೆ ಏನು ಉಳಿಯುತ್ತೆ? ಉಸಿರಾಡೋಕೇ ಶಕ್ತಿ ಖರ್ಚಾದ್ರೆ ಮೆಟ್ಟಿಲು ಹತ್ತೋಕೆ ಉಳಿಯಲ್ಲ.

ತರಬೇತಿ ಸಾಧನದಲ್ಲಿ ಸ್ಪ್ರಿಂಗ್ ಇರೋ ವಾಲ್ವ್ ಇರುತ್ತೆ. ಸೆಟ್ ಮಾಡಿದಷ್ಟು ಜೋರಾಗಿ ಉಸಿರು ಎಳೆದ್ರೆ ಮಾತ್ರ ಅದು ತೆರೆಯುತ್ತೆ, ಜಿಮ್‌ನ ಡಂಬಲ್ ಥರ. ರೋಗಿ ಗರಿಷ್ಠ ಎಷ್ಟು ಬಲದಲ್ಲಿ ಎಳೀತಾರೆ ಅಂತ ಮೊದಲು ಅಳೆದು, ಸಾಮಾನ್ಯವಾಗಿ ಅದರ ಶೇ 30ರಷ್ಟಾದ್ರೂ ಭಾರ ಇಟ್ಟು, ಆಮೇಲೆ ಏರಿಸ್ತಾ ಹೋಗ್ತಾರೆ. ಮೂರು ಬಾಲ್ ಡಬ್ಬಿಯಲ್ಲಿ ಹೀಗೆ ಸೆಟ್ ಮಾಡೋ ಭಾರ ಇಲ್ಲ. ಅದು ಮುಖ್ಯವಾಗಿ ಆಪರೇಷನ್ ಆದವರು ಆಳವಾಗಿ ಉಸಿರು ತಗೊಳ್ಳಲಿ ಅಂತ ಬಂದಿದ್ದು. ಅಂದ ಹಾಗೆ, ಅದನ್ನ ಊದೋದಲ್ಲ, ಎಳೆಯೋದು!

ಹಾಗಾದ್ರೆ ಸ್ಪ್ರಿಂಗ್ ಸಾಧನ ಆರ್ಡರ್ ಮಾಡಿಬಿಡೋಣ್ವಾ? ತಡೀರಿ. 2018ರಲ್ಲಿ 'ಥೊರಾಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 219 ಸಿಒಪಿಡಿ ರೋಗಿಗಳಿದ್ರು, ಎಲ್ಲರಿಗೂ ಉಸಿರಾಟದ ಸ್ನಾಯು ದುರ್ಬಲ. ಎಲ್ಲರಿಗೂ ಪುನಶ್ಚೇತನದ ವ್ಯಾಯಾಮ ಮಾಡಿಸಿದ್ರು, ಒಂದು ಗುಂಪಿಗೆ ಮಾತ್ರ ನಿಜವಾದ ಭಾರದ ತರಬೇತಿ. ಆ ಗುಂಪಿನ ಸ್ನಾಯು ಬಲ ಹೆಚ್ಚಾಯ್ತು, ಸೈಕಲ್ ಜಾಸ್ತಿ ಹೊತ್ತು ತುಳಿದ್ರು. ಆದ್ರೆ ಆರು ನಿಮಿಷದಲ್ಲಿ ನಡೆಯೋ ದೂರ? ಅದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳೋ ವ್ಯತ್ಯಾಸ ಬರಲಿಲ್ಲ.

ಅಂದ್ರೆ ಪುನಶ್ಚೇತನದ ಜೀವಾಳ ನಡಿಗೆ, ಸೈಕಲ್, ಕಾಲು ಕೈಗಳ ವ್ಯಾಯಾಮ. ಸಾಧನ ಅದರ ಜೊತೆಗೆ, ಅದೂ ಸ್ನಾಯು ದುರ್ಬಲ ಅಂತ ಅಳೆದು ಗೊತ್ತಾದವರಿಗೆ. ತೊಂದರೆ ಏನಪ್ಪಾ ಅಂದ್ರೆ, ಡಬ್ಬಿ ಮನೆಗೇ ಬರುತ್ತೆ, ವ್ಯಾಯಾಮಕ್ಕೆ ನಾವೇ ಹೋಗ್ಬೇಕು. ನಮ್ಮ ಏರಿಯಾದಿಂದ ನಿಮ್ಹಾನ್ಸ್ ಹತ್ರ ಇರೋ ಸರ್ಕಾರಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೆ ಹೋಗೋಕೆ ಊರೇ ದಾಟಬೇಕು. ಏದುಸಿರು ಬಿಡೋ ಮನುಷ್ಯ ವಾರಕ್ಕೆ ಎರಡು ಮೂರು ಸಲ ಬಸ್ ಹತ್ತೋದು ಹೇಗೆ? ಅದಕ್ಕೇ ಡಾಕ್ಟರ್ ಹತ್ರ ಹೋದಾಗ ಇದನ್ನ ಬಾಯ್ಬಿಟ್ಟು ಕೇಳಿ: ಮನೇಲೇ ಮಾಡೋ ಥರ ಫಿಸಿಯೋಥೆರಪಿಸ್ಟ್ ನಡಿಗೆ ಪ್ಲಾನ್ ಬರೆದುಕೊಡ್ತಾರಾ?