ಕಾಡಿನಲ್ಲಿ ಕುದುರೆಯ ಬೀಡು

‘ಕುದುರೆ ಕಂಡರೆ ಕಾಲು ನೋವು’ ಎಂಬ ಗಾದೆ ನಮ್ಮಲ್ಲಿದೆ. ಅಲ್ಲಿಯವರೆಗೆ ಚೆನ್ನಾಗಿಯೇ ನಡೆದುಬಂದವನಿಗೂ ಸವಾರಿ ಕಣ್ಣಿಗೆ ಬಿದ್ದೊಡನೆ ಕಾಲು ಸೋಲುತ್ತದೆ ಎಂಬುದು ಅದರ ವ್ಯಂಗ್ಯ. ಆದರೆ ಅಮೆರಿಕದ ಅರಣ್ಯಗಳಿಗೆ ಕುದುರೆಯೊಡನೆ ಹೋಗಿ ಎರಡು ಮೂರು ರಾತ್ರಿ ಬೀಡುಬಿಟ್ಟು ಬರುವವರ ದಿನಚರಿಯನ್ನು ಗಮನಿಸಿದರೆ ಈ ಗಾದೆ ಅಲ್ಲಿ ತಿರುಗುಮುರುಗಾಗಿದೆ ಎನ್ನಿಸದಿರದು. ಕುದುರೆಗೆ ನೀರು ಹೊರುವುದು, ಮೇವು ಹಾಕುವುದು, ಲದ್ದಿ ಬಾಚುವುದು, ಹಗ್ಗ ಸರಿಪಡಿಸುವುದು, ನಡುರಾತ್ರಿ ಎದ್ದು ನೋಡಿ ಬರುವುದು, ಇವುಗಳಲ್ಲಿಯೇ ಸವಾರನ ಅರ್ಧ ಹೊತ್ತು ಕಳೆಯುತ್ತದೆ.

ಆ ದೇಶದ ರಾಷ್ಟ್ರೀಯ ಅರಣ್ಯಗಳ ಒಟ್ಟು ವಿಸ್ತೀರ್ಣ ಸುಮಾರು 19 ಕೋಟಿ ಎಕರೆ. ಅಂದರೆ ಇಡೀ ಕರ್ನಾಟಕದ ನಾಲ್ಕು ಪಟ್ಟು. ಈ ಅರಣ್ಯಗಳ ಅನೇಕ ಕಡೆ ಕುದುರೆ ತರುವವರಿಗೆಂದೇ ಪ್ರತ್ಯೇಕ ಶಿಬಿರತಾಣಗಳಿವೆ. ಇಂಡಿಯಾನಾ ರಾಜ್ಯದ ಹೂಸಿಯರ್ ರಾಷ್ಟ್ರೀಯ ಅರಣ್ಯದ ಹಿಕರಿ ರಿಜ್, ಬ್ಲ್ಯಾಕ್‌ವೆಲ್ ತಾಣಗಳು ಇಂಥವು. ಕುದುರೆಗಾಡಿಯನ್ನು ಎಳೆದು ತರುವ ಉದ್ದನೆಯ ವಾಹನ ಹಿಂದಕ್ಕೆ ಸರಿಯದೆ ತಿರುಗಿ ಹೋಗಲು ಬೇಕಾದಷ್ಟು ಜಾಗ, ಕುದುರೆ ಕಟ್ಟಲು ಕಂಬ ಅಥವಾ ದೊಡ್ಡಿ, ಸವಾರಿಗೆ ದಾರಿ, ಇವು ಇಂಥ ತಾಣಗಳ ಲಕ್ಷಣ. ಎಲ್ಲೆಡೆಯೂ ನೀರಿನ ತೊಟ್ಟಿ ಇರುತ್ತದೆಂಬ ಭರವಸೆಯಿಲ್ಲ. ಆದುದರಿಂದ ಅನುಭವಸ್ಥರು ಪೀಪಾಯಿಗಳಲ್ಲಿ ನೀರು ತುಂಬಿಕೊಂಡೇ ಮನೆ ಬಿಡುತ್ತಾರೆ.

ಮೇಲ್ನೋಟಕ್ಕೆ ಇದೊಂದು ಉಳ್ಳವರ ವಿಹಾರದಂತೆ ಕಾಣಬಹುದು. ಆದರೆ ಇದರ ಹಿಂದೆ ಉದ್ದನೆಯ ಚರಿತ್ರೆಯಿದೆ. ಮುಂದೆ ಬಿಡಿಸಲು ಕಷ್ಟವಾದ ಒಂದು ಪ್ರಶ್ನೆಯೂ ಇದೆ. ಒಂದು ಕಾಡು ಎಷ್ಟು ಗೊರಸುಗಳನ್ನು ತಾಳಿಕೊಳ್ಳಬಲ್ಲದು?

ಹೋಗಿ ಮರಳಿದ ಪ್ರಾಣಿ

ಕುದುರೆಯ ಕುಲ ವಿಕಾಸಗೊಂಡದ್ದು ಉತ್ತರ ಅಮೆರಿಕದಲ್ಲಿಯೇ. ಆದರೆ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅದು ತನ್ನ ತವರಿನಲ್ಲಿಯೇ ಅಳಿದುಹೋಯಿತು. ಅಷ್ಟರಲ್ಲಿ ಏಷ್ಯಾಕ್ಕೆ ದಾಟಿದ್ದ ಸಂತತಿ ಮಾತ್ರ ಉಳಿಯಿತು. ಮುಂದೆ ಸ್ಪೇನಿನವರು ಹಡಗುಗಳಲ್ಲಿ ಅದನ್ನು ಮರಳಿ ತಂದರು. 1519ರಲ್ಲಿ ಮೆಕ್ಸಿಕೊ ತೀರದಲ್ಲಿ ಇಳಿದ ಕೊರ್ಟೆಸ್‌ನ ಬಳಿ ಇದ್ದುದು ಹದಿನಾರು ಕುದುರೆಗಳು. ಅಲ್ಲಿಂದ ಮೂಲನಿವಾಸಿಗಳ ಕೈಗೆ ಬಂದ ಕುದುರೆ ಅವರ ಬೇಟೆ, ವ್ಯಾಪಾರ, ಯುದ್ಧ ಎಲ್ಲವನ್ನೂ ಬದಲಿಸಿತು. ಇದು 1680ರ ಪ್ಯೂಬ್ಲೊ ದಂಗೆಯ ಅನಂತರ ನಡೆದುದೆಂದು ಬಹುಕಾಲ ನಂಬಲಾಗಿತ್ತು. ಹಳೆಯ ಎಲುಬುಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಸಂಶೋಧನೆ, ಅದಕ್ಕೂ ಮುಂಚೆಯೇ, 17ನೆಯ ಶತಮಾನದ ಮೊದಲ ಭಾಗದಲ್ಲಿಯೇ, ಪಶ್ಚಿಮದ ಬುಡಕಟ್ಟುಗಳು ಕುದುರೆ ಸಾಕುತ್ತಿದ್ದವೆಂದು ತೋರಿಸಿದೆ.

1805ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ತಂಡ ರಾಕಿ ಪರ್ವತಗಳನ್ನು ದಾಟಿದ್ದು ಶೊಶೋನಿ ಜನರಿಂದ ಕೊಂಡ ಕುದುರೆಗಳ ನೆರವಿನಿಂದ. ಬಿಟರ್‌ರೂಟ್ ಬೆಟ್ಟಗಳ ದಟ್ಟ ಕಾಡಿನಲ್ಲಿ ಆಹಾರ ಮುಗಿದಾಗ ಅವರು ಮರಿಕುದುರೆಗಳನ್ನೇ ಕೊಂದು ತಿನ್ನಬೇಕಾಯಿತು. ಕುದುರೆ ಇದ್ದರೂ ಕಾಡಿನ ದಾರಿ ಎಷ್ಟು ದುರ್ಗಮವಾಗಿತ್ತೆಂಬುದಕ್ಕೆ ಇದು ನಿದರ್ಶನ.

1905ರಲ್ಲಿ ಗಿಫರ್ಡ್ ಪಿಂಚಾಟ್ ಅವರ ನೇತೃತ್ವದಲ್ಲಿ ಅಮೆರಿಕದ ಅರಣ್ಯ ಸೇವೆ ಸ್ಥಾಪನೆಯಾದಾಗ ವನಪಾಲಕನ ಕೆಲಸಕ್ಕೆ ಬರುವವನು ಕುದುರೆಯನ್ನು ತಾನೇ ತರಬೇಕಿತ್ತು. ಜೀನು ಬಿಗಿಯುವುದು, ಹೇರು ಕಟ್ಟುವುದು ಅವನ ಪರೀಕ್ಷೆಯ ಭಾಗವಾಗಿದ್ದವು. 1910ರ ಆಗಸ್ಟ್‌ನಲ್ಲಿ ಐಡಾಹೊ ಮತ್ತು ಮೊಂಟಾನಾ ಸೀಮೆಗಳಲ್ಲಿ ಎದ್ದ ಮಹಾ ಕಾಡ್ಗಿಚ್ಚು ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡನ್ನು ಸುಟ್ಟಿತು. ಬೆಂಕಿ ಬಿದ್ದ ಕಡೆಗೆ ಜನರನ್ನೂ ಸಲಕರಣೆಗಳನ್ನೂ ಬೇಗ ಮುಟ್ಟಿಸುವುದು ಹೇಗೆಂಬ ಚಿಂತೆ ಆಮೇಲೆ ಇಲಾಖೆಯನ್ನು ಬಿಡಲಿಲ್ಲ. 1930ರಲ್ಲಿ ಮೊಂಟಾನಾದ ನೈನ್‌ಮೈಲ್‌ನಲ್ಲಿ ಕುದುರೆ ಹಾಗೂ ಹೇಸರಗತ್ತೆಗಳ ದೊಡ್ಡ ನೆಲೆಯೊಂದು ಆರಂಭವಾದದ್ದು ಈ ಕಾರಣಕ್ಕಾಗಿಯೇ. ರಸ್ತೆಗಳು ಹೆಚ್ಚಿದವು, 1940ರಿಂದ ವಿಮಾನದಿಂದ ಧುಮುಕಿ ಬೆಂಕಿ ಆರಿಸುವ ದಳ ಬಂದಿತು. 1953ರಲ್ಲಿ ಈ ನೆಲೆ ಮುಚ್ಚಿತು.

ಅಲ್ಲಿಗೆ ಕಾಡಿನ ಕುದುರೆಯ ಕಾಲ ಮುಗಿಯಿತೆಂದು ಯಾರಾದರೂ ಭಾವಿಸಬಹುದಿತ್ತು. ಆದರೆ 1964ರ ವನ್ಯಪ್ರದೇಶ ಕಾಯಿದೆ ಅದಕ್ಕೆ ಹೊಸ ಆಯುಷ್ಯ ಕೊಟ್ಟಿತು. ಈ ಕಾಯಿದೆಯಂತೆ ಘೋಷಿತವಾದ ಪ್ರದೇಶಗಳಲ್ಲಿ ಮೋಟಾರು ವಾಹನ, ಯಂತ್ರಗರಗಸ, ಸೈಕಲ್ ಯಾವುದಕ್ಕೂ ಸಾಮಾನ್ಯವಾಗಿ ಪ್ರವೇಶವಿಲ್ಲ. ಕಾಲ್ನಡಿಗೆ ಮತ್ತು ಕುದುರೆಗೆ ಇದೆ. ಇಂದು ಇಂಥ ಪ್ರದೇಶಗಳು 800ಕ್ಕೂ ಹೆಚ್ಚು. ವಿಸ್ತೀರ್ಣ 11 ಕೋಟಿ ಎಕರೆಗೂ ಮಿಗಿಲು. ಉಪಗ್ರಹಗಳ ಈ ಕಾಲದಲ್ಲಿಯೂ ಅಲ್ಲಿ ದಾರಿಗೆ ಬಿದ್ದ ಮರವನ್ನು ಇಬ್ಬರು ಎಳೆಯುವ ಕೈಗರಗಸದಿಂದಲೇ ಕೊಯ್ಯುತ್ತಾರೆ. ಸೇತುವೆಯ ತೊಲೆ ಹೋಗುವುದು ಹೇಸರಗತ್ತೆಯ ಬೆನ್ನಿನ ಮೇಲೆ.

ಮರಕ್ಕೆ ಕಟ್ಟಿದರೆ ಏನಾಗುತ್ತದೆ?

ಸುಮಾರು 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಏಳರಿಂದ ಒಂಬತ್ತು ಕಿಲೋ ಒಣಮೇವು ಬೇಕು. ಹವೆ ಮತ್ತು ದುಡಿಮೆಗೆ ತಕ್ಕಂತೆ 20ರಿಂದ 40 ಲೀಟರ್ ನೀರು ಬೇಕು. ಅದು ದಿನಕ್ಕೆ ಹಾಕುವ ಲದ್ದಿ, ಗಂಜಲ ಸೇರಿ 20 ಕಿಲೋ ದಾಟುತ್ತದೆ. ಅದರ ಜಠರ ಚಿಕ್ಕದು. ಹಸುವಿನಂತೆ ಮೇದು ಮಲಗಿ ಮೆಲುಕು ಹಾಕುವ ಜೀವ ಅದಲ್ಲ. ದಿನದ ಬಹುಭಾಗ ಸ್ವಲ್ಪ ಸ್ವಲ್ಪವೇ ತಿನ್ನುತ್ತಿರಬೇಕು. ವಾಂತಿ ಮಾಡಲಾರದು. ಮೇವು ಥಟ್ಟನೆ ಬದಲಾದರೆ, ನೀರು ಕಡಿಮೆಯಾದರೆ ಪ್ರಾಣಕ್ಕೇ ಎರವಾಗಬಲ್ಲ ಹೊಟ್ಟೆಶೂಲೆ ಬರುತ್ತದೆ. ಹತ್ತಿರದ ಪಶುವೈದ್ಯ ಹಲವು ಗಂಟೆಗಳ ದಾರಿಯಲ್ಲಿರುವ ಕಾಡಿನಲ್ಲಿ ಇದು ಸಣ್ಣ ಮಾತಲ್ಲ.

ಕುದುರೆ ಕಾದಾಡಿ ಉಳಿದ ಪ್ರಾಣಿಯಲ್ಲ, ಓಡಿ ಉಳಿದ ಪ್ರಾಣಿ. ಅಪರಿಚಿತ ಜಾಗದಲ್ಲಿ ಎಲೆ ಅಲುಗಿದರೂ ಅದರ ಕಿವಿ ನಿಮಿರುತ್ತದೆ. ಕೀಲುಗಳಿಗೆ ಬೀಗ ಹಾಕಿದಂತೆ ನಿಂತೇ ತೂಕಡಿಸಬಲ್ಲ ಅದು ಗಾಢನಿದ್ರೆಗೆ ಮಾತ್ರ ಮಲಗಬೇಕು. ಮಲಗಲು ಸುತ್ತಲಿನ ಬಗ್ಗೆ ಭರವಸೆ ಬೇಕು. ಅಂಥ ಪ್ರಾಣಿಯನ್ನು ಒಂದು ಮರಕ್ಕೆ ಗಿಡ್ಡ ಹಗ್ಗದಿಂದ ಕಟ್ಟಿ ರಾತ್ರಿ ಕಳೆದರೆ ಬೆಳಗಾಗುವುದರೊಳಗೆ ಅದು ಬುಡವನ್ನು ಕೆರೆದು ಗುಂಡಿ ಮಾಡಿರುತ್ತದೆ, ಬೇಸರಕ್ಕೆ ತೊಗಟೆ ಕಚ್ಚಿರುತ್ತದೆ, ಹಗ್ಗ ಎಳೆದೆಳೆದು ಕಾಂಡವನ್ನು ಉಜ್ಜಿರುತ್ತದೆ.

ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಕಾಂಡದ ಸುತ್ತ ಉಂಗುರದಂತೆ ಅದು ಹರಿದುಹೋದರೆ ಬೇರು ಹಸಿಯುತ್ತದೆ. ಮರ ಮೆಲ್ಲಗೆ ಒಣಗುತ್ತದೆ. ಗೊರಸು ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಗಾಳಿ, ನೀರು ಇಳಿಯದೆ ಬೇರಿಗೆ ಎರಡನೆಯ ಪೆಟ್ಟು ಬೀಳುತ್ತದೆ. ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಕಾಲ ವರ್ಷಕ್ಕೆ ಕೆಲವೇ ವಾರ. ನೂರು ವರ್ಷ ತೆಗೆದುಕೊಂಡು ಬೆಳೆದ ಮರವನ್ನು ಕೊಲ್ಲಲು ಕೆಲವು ಅಜಾಗರೂಕ ರಾತ್ರಿಗಳು ಸಾಕು.

ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು. ಎರಡು ದೃಢವಾದ ಮರಗಳಿಗೆ ಅಗಲವಾದ ಪಟ್ಟಿ ಸುತ್ತಿ, ಆ ಪಟ್ಟಿಗಳ ನಡುವೆ ಸುಮಾರು ಏಳು ಅಡಿ ಎತ್ತರದಲ್ಲಿ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಕುದುರೆಯ ಹಗ್ಗವನ್ನು ಈ ಮೇಲ್ಹಗ್ಗದ ನಡುವೆ, ಮರದಿಂದ ದೂರದಲ್ಲಿ, ಇಳಿಬಿಡುತ್ತಾರೆ. ಪಟ್ಟಿ ಅಗಲವಾಗಿರುವುದರಿಂದ ತೊಗಟೆ ಕೊಯ್ಯುವುದಿಲ್ಲ. ಮರ ದೂರವಿರುವುದರಿಂದ ಬುಡಕ್ಕೆ ಗೊರಸು ತಾಗುವುದಿಲ್ಲ. ಇಳಿಬಿಟ್ಟ ಹಗ್ಗದ ಅಳತೆಯಲ್ಲಿಯೇ ಎಲ್ಲ ಜಾಣ್ಮೆ ಇರುವುದು. ಕುದುರೆಯ ಮೂತಿ ಮೇವಿಗೆ ಎಟುಕಬೇಕು, ಆದರೆ ಕಾಲು ಹಗ್ಗದಲ್ಲಿ ಸಿಕ್ಕಿಕೊಳ್ಳಬಾರದು. ಮುಂಗಾಲುಗಳಿಗೆ ಕಟ್ಟು ಹಾಕಿ ಮೇಯಲು ಬಿಡುವುದು, ಗೂಟ ನೆಟ್ಟು ಉದ್ದ ಹಗ್ಗ ಕೊಡುವುದು, ಸಾಗಿಸಬಹುದಾದ ವಿದ್ಯುತ್ ಬೇಲಿ ಹಾಕುವುದು ಇತರ ಕ್ರಮಗಳು. ಯಾವುದೇ ಆದರೂ ಒಂದೇ ಜಾಗದಲ್ಲಿ ಹೆಚ್ಚು ಹೊತ್ತು ಇರಿಸಬಾರದು. ಕುದುರೆ ಕಟ್ಟುವ ಜಾಗ ಕೆರೆ, ತೊರೆಗಳಿಂದ ಸಾಮಾನ್ಯವಾಗಿ 200 ಅಡಿ ದೂರವಿರಬೇಕೆಂಬ ನಿಯಮವಿದೆ. ಹೊರಡುವ ಮುನ್ನ ಲದ್ದಿಯನ್ನು ಕೆದರಿ ಹರಡಬೇಕು ಇಲ್ಲವೆ ಗೊತ್ತುಮಾಡಿದ ಗುಂಡಿಗೆ ಹಾಕಬೇಕು. ಕೆರೆದ ನೆಲವನ್ನು ಸಮಮಾಡಬೇಕು.

ಮೇವಿನೊಡನೆ ಬರುವ ಬೀಜ

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಮೇವಿನದು. ಹೊಲದಲ್ಲಿ ಕೊಯ್ದ ಒಣಹುಲ್ಲಿನ ಪಿಂಡಿಯೊಳಗೆ ಕಳೆಯ ಬೀಜಗಳಿದ್ದರೆ ಅವು ಕಾಡಿನ ನಟ್ಟನಡುವೆ ಬಂದು ಬೀಳುತ್ತವೆ. ಕುದುರೆಯ ಹೊಟ್ಟೆಯಲ್ಲಿ ಹಾದು ಬಂದರೂ ಹಲವು ಬೀಜಗಳು ಮೊಳೆಯುವ ಶಕ್ತಿ ಕಳೆದುಕೊಳ್ಳುವುದಿಲ್ಲ; ಮೇಲಾಗಿ ಲದ್ದಿಯೇ ಗೊಬ್ಬರ. ಯುರೋಪಿನಿಂದ ಬಂದ ನ್ಯಾಪ್‌ವೀಡ್, ಚೀಟ್‌ಗ್ರಾಸ್ ಮುಂತಾದ ಕಳೆಗಳು ಪಶ್ಚಿಮ ಅಮೆರಿಕದ ಹುಲ್ಲುಗಾವಲುಗಳನ್ನು ಹೀಗೆ ನಾನಾ ದಾರಿಗಳಲ್ಲಿ ಆಕ್ರಮಿಸಿವೆ. ಚೀಟ್‌ಗ್ರಾಸ್ ಬೇಸಗೆಗೆ ಮುಂಚೆಯೇ ಒಣಗಿ ಕಾಡ್ಗಿಚ್ಚಿಗೆ ಸೌದೆಯಾಗುತ್ತದೆ.

ಈ ಸಂಕಟ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಹೊಲ, ರಸ್ತೆಬದಿಗಳನ್ನು ಆವರಿಸಿರುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, 1950ರ ದಶಕದಲ್ಲಿ ಅಮೆರಿಕದ ಧಾನ್ಯದೊಡನೆ ಬಂದಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಬಂಡೀಪುರದ ಕಾಡಿನಲ್ಲಿ ಲಂಟಾನ ಮಾಡಿರುವ ಹಾವಳಿಯೂ ಕಣ್ಣೆದುರಿಗಿದೆ. ಬಂದ ಕಳೆಯನ್ನು ಕೀಳುವುದಕ್ಕಿಂತ ಬಾರದಂತೆ ತಡೆಯುವುದು ಸುಲಭವೆಂದು ಅರಿತ ಅಮೆರಿಕದ ಅರಣ್ಯ ಸೇವೆ ಅನೇಕ ರಾಜ್ಯಗಳ ತನ್ನ ಕಾಡುಗಳಲ್ಲಿ ಕಳೆರಹಿತವೆಂದು ಪ್ರಮಾಣಪತ್ರ ಪಡೆದ ಮೇವನ್ನು ಮಾತ್ರ ಒಳಬಿಡುತ್ತದೆ. ಪ್ರಯಾಣಕ್ಕೆ ಕೆಲವು ದಿನ ಮುಂಚಿನಿಂದಲೇ ಅಂಥ ಮೇವು ತಿನ್ನಿಸಿ ಕುದುರೆಯ ಹೊಟ್ಟೆಯನ್ನೂ ‘ಶುದ್ಧ’ ಮಾಡಿಕೊಳ್ಳುವಂತೆ ಸಲಹೆ ನೀಡುತ್ತದೆ.

ಬೇರೆ ಕಟ್ಟುಪಾಡುಗಳೂ ಇವೆ. ಕುದುರೆಗಳಿಗೆ ರಕ್ತಹೀನತೆ ತರುವ ಒಂದು ವೈರಸ್ ರೋಗವನ್ನು ಕಡಿಯುವ ನೊಣಗಳು ಹರಡುತ್ತವೆ, ಅದಕ್ಕೆ ಮದ್ದಿಲ್ಲ. ಲೆರಾಯ್ ಕಾಗಿನ್ಸ್ ಎಂಬ ವಿಜ್ಞಾನಿ 1970ರ ಸುಮಾರಿಗೆ ರೂಪಿಸಿದ ರಕ್ತಪರೀಕ್ಷೆಯ ಪತ್ರವನ್ನು ಹಲವು ತಾಣಗಳಲ್ಲಿ ಬಾಗಿಲಲ್ಲೇ ಕೇಳುತ್ತಾರೆ. ಗ್ರಿಜ್ಲಿ ಕರಡಿಗಳಿರುವ ಸೀಮೆಯಲ್ಲಿ ಮನುಷ್ಯರ ಆಹಾರದಂತೆಯೇ ಕುದುರೆಯ ಧಾನ್ಯವನ್ನೂ ಕರಡಿಗೆ ಎಟುಕದಂತೆ ಮುಚ್ಚಿಡಬೇಕು ಇಲ್ಲವೆ ಮೇಲಕ್ಕೆ ತೂಗುಹಾಕಬೇಕು. ಕಾಲುದಾರಿಯಲ್ಲಿ ಕುದುರೆ ಎದುರಾದರೆ ನಡೆಯುವವರು ಇಳಿಜಾರಿನ ಬದಿಗೆ ಸರಿದು, ಮೆಲ್ಲಗೆ ಮಾತನಾಡುತ್ತ ನಿಲ್ಲಬೇಕು. ಬೆನ್ನಿಗೆ ದೊಡ್ಡ ಚೀಲ ಹೊತ್ತು ಮೌನವಾಗಿ ನಿಂತ ಆಕೃತಿ ಮನುಷ್ಯನೆಂಬುದು ಕುದುರೆಗೆ ಧ್ವನಿ ಕೇಳಿದ ಮೇಲಷ್ಟೆ ಖಾತ್ರಿಯಾಗುತ್ತದೆ.

ನಡೆಯುವವರೂ ಸವಾರರೂ

ಇಷ್ಟೆಲ್ಲ ಇದ್ದರೂ ತಕರಾರು ನಿಂತಿಲ್ಲ. ಗೊರಸಿನಿಂದ ದಾರಿ ಹಳ್ಳವಾಗುತ್ತದೆ, ಹುಲ್ಲುಗಾವಲು ಬೋಳಾಗುತ್ತದೆ, ತೊರೆಯ ನೀರು ಕೆಡುತ್ತದೆ ಎಂಬುದು ನಡೆದು ಹೋಗುವವರ ಆಕ್ಷೇಪ. ಕುದುರೆಗಳೇ ಮೊದಲು ಮಾಡಿದ ದಾರಿಯಲ್ಲಿ ನಡೆದುಕೊಂಡು ಕುದುರೆಯನ್ನೇ ಹೊರಗೆ ಹಾಕುವುದು ಯಾವ ನ್ಯಾಯ ಎಂಬುದು ಸವಾರರ ಉತ್ತರ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳಲ್ಲಿ ಈ ಜಗಳ ನ್ಯಾಯಾಲಯವನ್ನೇ ಮುಟ್ಟಿತು. ಬಾಡಿಗೆಗೆ ಕುದುರೆ, ಹೇಸರಗತ್ತೆ ಒದಗಿಸುವವರಿಗೆ ಪರವಾನಗಿ ನೀಡುವಾಗ ಅರಣ್ಯ ಸೇವೆ ಕಾಡಿನ ಮೇಲಾಗುವ ಪರಿಣಾಮವನ್ನು ಸರಿಯಾಗಿ ತೂಗಿ ನೋಡಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2004ರಲ್ಲಿ ತೀರ್ಪಿತ್ತಿತು. 2012ರಲ್ಲಿ ಸೆಕೊಯಾ ಮತ್ತು ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಗಳಿಗೆ ಸಂಬಂಧಿಸಿದ ಇನ್ನೊಂದು ತೀರ್ಪಿನಿಂದ ಪರವಾನಗಿಗಳು ನಿಂತುಹೋಗುವ ಸ್ಥಿತಿ ಬಂದಾಗ ಸಂಸತ್ತೇ ಪ್ರತ್ಯೇಕ ಕಾಯಿದೆ ಮಾಡಿ ಅವುಗಳನ್ನು ಮುಂದುವರಿಸಿತು.

ಇದರಲ್ಲೊಂದು ಚಾರಿತ್ರಿಕ ವಿಪರ್ಯಾಸವಿದೆ. ಆ ಪರ್ವತಗಳ ರಕ್ಷಣೆಗೆ 1892ರಲ್ಲಿ ಹುಟ್ಟಿದ ಸಿಯೆರಾ ಕ್ಲಬ್ 1901ರಿಂದ ನಡೆಸಿದ ಸಾಮೂಹಿಕ ಪ್ರವಾಸಗಳಲ್ಲಿ ನೂರಾರು ಜನರ ಊಟ, ಹಾಸಿಗೆಗಳನ್ನು ಹೊತ್ತದ್ದು ಹೇಸರಗತ್ತೆಗಳ ಸಾಲುಗಳೇ. ಕಾಡನ್ನು ಕಂಡವರೇ ಕಾಡಿನ ಪರ ನಿಲ್ಲುತ್ತಾರೆಂಬುದು ಅಂದಿನ ನಂಬಿಕೆ. ಆ ಪ್ರಾಣಿಗಳ ಬೆನ್ನೇರಿಯೇ ಕಾಡಿನ ಪರವಾದ ಜನಾಭಿಪ್ರಾಯ ಬೆಳೆಯಿತೆಂದರೆ ತಪ್ಪಾಗದು.

ಸವಾರರ ಕಡೆಯಿಂದಲೂ ಬದಲಾವಣೆ ಬಂದಿದೆ. 1973ರಲ್ಲಿ ಮೊಂಟಾನಾದ ಫ್ಲಾಟ್‌ಹೆಡ್ ಕಣಿವೆಯಲ್ಲಿ ಆರಂಭವಾದ ‘ಬ್ಯಾಕ್ ಕಂಟ್ರಿ ಹಾರ್ಸ್‌ಮೆನ್’ ಸಂಘ ಇಂದು ದೇಶದ ಅನೇಕ ರಾಜ್ಯಗಳಲ್ಲಿದೆ. ಅದರ ಸದಸ್ಯರು ಬಿದ್ದ ಮರ ತೆಗೆದು ದಾರಿ ತೆರವು ಮಾಡುತ್ತಾರೆ, ದುರಸ್ತಿ ಸಾಮಗ್ರಿಯನ್ನು ತಮ್ಮ ಪ್ರಾಣಿಗಳ ಮೇಲೆ ಹೊರಿಸಿ ಸಾಗಿಸುತ್ತಾರೆ. ಮೇಲ್ಹಗ್ಗ ಕಟ್ಟುವುದನ್ನು ಹೊಸಬರಿಗೆ ಕಲಿಸುತ್ತಾರೆ. ಹಿಂದೆ ಹತ್ತು ಹೇಸರಗತ್ತೆ ಬೇಕಾಗಿದ್ದ ಪ್ರವಾಸವನ್ನು ಹಗುರವಾದ ಡೇರೆ, ಒಣಗಿಸಿದ ಆಹಾರಗಳಿಂದ ಮೂರು ನಾಲ್ಕರಲ್ಲಿ ಮುಗಿಸುವುದೇ ಈಗ ಹೆಚ್ಚುಗಾರಿಕೆ. ಸರಕಾರವೂ ಮಿತಿ ಹಾಕಿದೆ. ವಾಷಿಂಗ್ಟನ್ ರಾಜ್ಯದ ಹಲವು ವನ್ಯಪ್ರದೇಶಗಳಲ್ಲಿ ಒಂದು ತಂಡದಲ್ಲಿ ಮನುಷ್ಯರು, ಪ್ರಾಣಿಗಳು ಸೇರಿ ಹನ್ನೆರಡು ಮಾತ್ರ ಇರಬಹುದು. ಇದನ್ನು ಅಲ್ಲಿನವರು ‘ಹನ್ನೆರಡು ಎದೆಬಡಿತ’ ಎಂದು ಲೆಕ್ಕ ಹಾಕುತ್ತಾರೆ. ಎಂಟು ಜನ ಹೋದರೆ ನಾಲ್ಕೇ ಕುದುರೆ. ಆರು ಕುದುರೆ ಬೇಕಾದರೆ ಆರೇ ಜನ.

ಈ ಲೆಕ್ಕದಲ್ಲಿ ಒಂದು ವಿವೇಕವಿದೆ. ಕಾಡಿಗೆ ಹೋಗುವವನು ತನ್ನೊಬ್ಬನ ಭಾರವನ್ನಷ್ಟೇ ಅಲ್ಲ, ತನಗಾಗಿ ದುಡಿಯುವ ಜೀವದ ಭಾರವನ್ನೂ ತನ್ನ ಹೆಸರಿಗೇ ಬರೆದುಕೊಳ್ಳಬೇಕೆಂದು ಅದು ಹೇಳುತ್ತದೆ. ಕುದುರೆಯನ್ನು ಕಾಡಿನಿಂದ ಹೊರಗಿಟ್ಟರೆ ವಯಸ್ಸಾದವರಿಗೆ, ಕಾಲಿನ ಬಲ ಕುಂದಿದವರಿಗೆ ದೂರದ ಕಣಿವೆಗಳು ಮುಚ್ಚಿಹೋಗುತ್ತವೆ. ದಾರಿ ಸರಿಪಡಿಸುವವರಿಗೆ ಬೆನ್ನಾಸರೆ ತಪ್ಪುತ್ತದೆ. ಮಿತಿಯಿಲ್ಲದೆ ಒಳಗೆ ಬಿಟ್ಟರೆ ನೋಡಲು ಹೋದ ಹುಲ್ಲುಗಾವಲೇ ಉಳಿಯುವುದಿಲ್ಲ. ಎರಡರ ನಡುವಿನ ದಾರಿಯನ್ನು ಕಾಯಿದೆ ಸ್ವಲ್ಪ ದೂರ ತೋರಿಸಬಲ್ಲದು. ಉಳಿದದ್ದು ನಿಂತಿರುವುದು ಸಂಜೆ ಕತ್ತಲಾಗುವ ಮುನ್ನ, ದಣಿದಿದ್ದರೂ, ಹತ್ತಿರದ ಮರವನ್ನು ಬಿಟ್ಟು ಏಳು ಅಡಿ ಎತ್ತರದಲ್ಲಿ ಹಗ್ಗ ಎಳೆದು ಕಟ್ಟುವ ಸವಾರನ ಮೇಲೆ.