ಕಿರಣವನ್ನು ಕಂಡವರಾರು?

ಕಾಸರಗೋಡು ಸೀಮೆಯ ಕನ್ನಡ ಮನೆತನವೊಂದರಲ್ಲಿ ಹುಟ್ಟಿ, ಈಗ ಕೊಚ್ಚಿಯ ಕಾಕ್ಕನಾಡಿನಲ್ಲಿ, ಇನ್ಫೋಪಾರ್ಕಿನ ಉದ್ಯೋಗಿಯಾಗಿ ನೆಲೆಸಿರುವ ತರುಣ ವಾಚಕರೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಟಾರ್ಚಿನಂತೆ ಅಂಗೈಯಲ್ಲಿ ಹಿಡಿಯಬಹುದಾದ, ಆದರೆ ಕಾಗದವನ್ನು ಕ್ಷಣಮಾತ್ರದಲ್ಲಿ ಸುಡಬಲ್ಲ ಪ್ರಬಲವಾದ ಲೇಸರ್ ಯಂತ್ರವೊಂದನ್ನು ಬಿಡುವಿನ ವೇಳೆಯಲ್ಲಿ ತಾವೇ ಕಟ್ಟಬೇಕೆಂಬುದು ಅವರ ಬಹುದಿನದ ಹಂಬಲ. ಹಳೆಯ ಪ್ರೊಜೆಕ್ಟರಿನಿಂದ ಕಳಚಿದ ನೀಲಿ ಡಯೋಡು, ಅದಕ್ಕೆ ವಿದ್ಯುತ್ತನ್ನು ಹದವರಿತು ಊಡುವ ಡ್ರೈವರ್, ಒಂದು ಮಸೂರ, ಲಿಥಿಯಂ ಬ್ಯಾಟರಿ, ಶಾಖವನ್ನು ಹೀರಲೊಂದು ತಾಮ್ರದ ತುಂಡು, ಇವಿಷ್ಟೂ ಕೈಸೇರಿವೆಯಂತೆ. ಬಾಲ್ಕನಿಯಿಂದ ಆಕಾಶಕ್ಕೆ ಹಿಡಿದರೆ ಸಿನಿಮಾದಲ್ಲಿ ಕಾಣುವಂತೆ ನೀಲಿಯ ಕೋಲೊಂದು ಮೋಡದವರೆಗೆ ಚಾಚಿ ನಿಲ್ಲಬೇಕು. ಅದಕ್ಕೆ ಎಷ್ಟು ವಾಟ್ ಬೇಕು, ಎಂಬುದು ಅವರ ಪ್ರಶ್ನೆಯ ತಿರುಳು.

ಪ್ರಶ್ನೆಯನ್ನು ಓದಿ ನನಗೆ ಹಿಗ್ಗಾಯಿತು. ವಸ್ತುವನ್ನು ಕೊಳ್ಳುವ ಕಾಲದಲ್ಲಿ ಅದನ್ನು ಕಟ್ಟಬೇಕೆಂದು ಹೊರಟ ಮನಸ್ಸು ಗೌರವಾರ್ಹವಾದುದು. ಆದರೆ ಈ ಪ್ರಶ್ನೆಯೊಳಗೆ ಎರಡು ಪ್ರತ್ಯೇಕ ಸಂಗತಿಗಳು ಒಂದರೊಡನೊಂದು ಹೆಣೆದುಕೊಂಡಿವೆ: ಕಿರಣದ ಬಲ ಒಂದು, ಕಿರಣದ ಕಾಣ್ಕೆ ಇನ್ನೊಂದು. ಇವೆರಡೂ ಒಂದೇ ಎಂದು ಬಗೆದಿರುವುದು ನಮ್ಮ ಕಾಲದ ಅತ್ಯಂತ ವ್ಯಾಪಕವಾದ ಭ್ರಮೆಗಳಲ್ಲೊಂದು.

ಈ ಭ್ರಮೆಗೆ ಲೇಸರಿನಷ್ಟೇ ವಯಸ್ಸಾಗಿದೆ. 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ, ಹ್ಯೂಸ್ ಸಂಶೋಧನಾಲಯದ ಥಿಯೋಡರ್ ಮೈಮನ್ ಎಂಬ ವಿಜ್ಞಾನಿ, ಬೆರಳ ತುದಿಯಷ್ಟು ಗಾತ್ರದ ಮಾಣಿಕ್ಯದ ಕಡ್ಡಿಯೊಂದನ್ನು ಛಾಯಾಗ್ರಾಹಕರು ಬಳಸುತ್ತಿದ್ದ ಸುರುಳಿಯಾಕಾರದ ಮಿಂಚುದೀಪದ ನಡುವೆ ನಿಲ್ಲಿಸಿ, ಜಗತ್ತಿನ ಮೊದಲ ಲೇಸರ್ ಸ್ಪಂದವನ್ನು ಹೊಮ್ಮಿಸಿದನು. ಕೆಲವೇ ವಾರಗಳಲ್ಲಿ ವೃತ್ತಪತ್ರಿಕೆಗಳು ಅದಕ್ಕೆ ಮೃತ್ಯುಕಿರಣವೆಂದು ಹೆಸರಿಟ್ಟು ಅಬ್ಬರಿಸಿದುವು. ಮೈಮನ್ನನ ಉಪಕರಣವಾದರೋ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಆ ವಸ್ತುವಿನ ನಿಜವಾದ ಅದ್ಭುತವು ಅದರ ಉರಿಯಲ್ಲಿರದೆ ಶಿಸ್ತಿನಲ್ಲಿದೆಯೆಂಬ ಮಾತು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಆಮೇಲಿನ ಅರ್ಧ ಶತಮಾನದ ಕಥೆಯನ್ನು ಇಲ್ಲಿ ವಿಸ್ತರಿಸಲಾರೆ. 1990ರ ದಶಕದ ನಡುಭಾಗದಲ್ಲಿ ಜಪಾನಿನ ನಿಚಿಯಾ ಸಂಸ್ಥೆಯ ಶುಜಿ ನಕಮುರ ಅವರು ಗ್ಯಾಲಿಯಂ ನೈಟ್ರೈಡಿನಿಂದ ನೀಲನೇರಳೆಯ ಲೇಸರನ್ನು ಸಾಧಿಸಿದರು. 2010ರಲ್ಲಿ ಕ್ಯಾಸಿಯೋ ಸಂಸ್ಥೆಯು ಪಾದರಸದ ದೀಪವನ್ನು ಬಿಟ್ಟು, ಬದಲಿಗೆ 24 ನೀಲಿ ಲೇಸರ್ ಡಯೋಡುಗಳನ್ನು ಒಳಗಿರಿಸಿದ ಪ್ರೊಜೆಕ್ಟರುಗಳನ್ನು ಮಾರುಕಟ್ಟೆಗೆ ತಂದಿತು. ಆ ಡಯೋಡುಗಳಲ್ಲಿ ಒಂದೊಂದೂ ಸುಮಾರು 1 ವಾಟಿನಷ್ಟು, 445 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಕೊಡಬಲ್ಲುದು. ಹವ್ಯಾಸಿಗಳು ಇದನ್ನು ಪತ್ತೆಹಚ್ಚಿದುದೇ ತಡ, ದೇಶದೇಶಗಳಲ್ಲಿ ಪ್ರೊಜೆಕ್ಟರುಗಳ ಹೊಟ್ಟೆ ಬಗೆಯುವ ಕಾರ್ಯ ಮೊದಲಾಯಿತು. ಲೋಹದ ಪುಟ್ಟ ಕವಚದೊಳಗೆ ಅಡಗಿರುವ ಆ ಹರಳು ನಮ್ಮ ರಾಗಿಕಾಳಿಗಿಂತ ದೊಡ್ಡದಲ್ಲ. ಹಿಂದೆ ಕೋಣೆಯ ತುಂಬ ಉಪಕರಣಗಳನ್ನೂ ತಂಪುನೀರಿನ ಕೊಳವೆಗಳನ್ನೂ ಬೇಡುತ್ತಿದ್ದ ಶಕ್ತಿ ಈಗ ಅಂಗಿಯ ಜೇಬಿಗೆ ಬಂದಿದೆ.

1 ವಾಟ್ ಎಂದರೆ ಎಷ್ಟು? ನಮ್ಮ ಮಲಗುವ ಕೋಣೆಯ ರಾತ್ರಿದೀಪವೂ ಅದಕ್ಕಿಂತ ಹೆಚ್ಚು ವಿದ್ಯುತ್ತನ್ನು ಬಳಸಬಹುದು. ಹಾಗಿದ್ದಮೇಲೆ ಇಷ್ಟೇಕೆ ಭಯ, ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಲೆಕ್ಕದಲ್ಲಿ ತೋರಿಸುವುದು ಮೇಲು. ನನ್ನ ವಾಚಕರು ದಯವಿಟ್ಟು ಪೆನ್ಸಿಲು ಹಿಡಿದು ಜೊತೆಗೂಡಬೇಕು.

ನಡುಹಗಲಿನ ಸೂರ್ಯನನ್ನು ಯಾವನಾದರೂ ಅವಿವೇಕದಿಂದ ದಿಟ್ಟಿಸಿದನೆನ್ನಿ. ಕಣ್ಣಿನ ಪಾಪೆ 2 ಮಿಲಿಮೀಟರಿಗೆ ಕುಗ್ಗಿರುತ್ತದೆ. ಅದರ ಮೂಲಕ ಸುಮಾರು 3 ಮಿಲಿವಾಟ್ ಶಕ್ತಿ ಒಳಹೊಗುತ್ತದೆ. ಸೂರ್ಯನು ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವಾಗಿರುವುದರಿಂದ ಅಕ್ಷಿಪಟಲದ ಮೇಲೆ ಅವನ ಬಿಂಬ ಸುಮಾರು 0.16 ಮಿಲಿಮೀಟರ್ ವ್ಯಾಸದ್ದಾಗುತ್ತದೆ. ಈಗ ಸಭೆಗಳಲ್ಲಿ ಭಾಷಣಕಾರರು ಗೋಡೆಯತ್ತ ತೋರಿಸುವ 1 ಮಿಲಿವಾಟಿನ ಸಾಧು ಕೆಂಪು ಲೇಸರನ್ನು ತೆಗೆದುಕೊಳ್ಳಿ. ಅದರ ಕಿರಣಗಳೆಲ್ಲ ಹೆಚ್ಚುಕಡಿಮೆ ಸಮಾಂತರವಾಗಿರುವುದರಿಂದ ಕಣ್ಣಿನ ಮಸೂರವು ಅವನ್ನು 0.02 ಮಿಲಿಮೀಟರ್ ವ್ಯಾಸದ ಬಿಂದುವಿಗೆ ಕೂಡಿಸಿಬಿಡುತ್ತದೆ. ವ್ಯಾಸ ಎಂಟನೆಯ ಒಂದಾದರೆ ವಿಸ್ತೀರ್ಣ ಅರವತ್ತನಾಲ್ಕನೆಯ ಒಂದು. ಶಕ್ತಿ ಸೂರ್ಯನದರ ಮೂರನೆಯ ಒಂದು ಪಾಲೇ ಆದರೂ, ಆ ಬಿಂದುವಿನಲ್ಲಿ ಅದರ ಸಾಂದ್ರತೆ ಸೂರ್ಯಬಿಂಬದ ಸುಮಾರು 20 ಪಟ್ಟು! ಕಣ್ಣು ತಾನಾಗಿಯೇ ಕಾಲು ಸೆಕೆಂಡಿನೊಳಗೆ ಮುಚ್ಚಿಕೊಳ್ಳುವುದರಿಂದ ಮಾತ್ರ ಅಷ್ಟು ಬೆಳಕನ್ನು ನಿರಪಾಯವೆಂದು ಎಣಿಸಿದ್ದಾರೆ. ಕಾಕ್ಕನಾಡಿನ ನಮ್ಮ ಮಿತ್ರರು ಕಟ್ಟಹೊರಟಿರುವುದು ಇದರ ಸಾವಿರ ಪಟ್ಟಿನದು. ಅದರ ಬಹುಭಾಗ ಕಣ್ಣನ್ನು ಹೊಕ್ಕರೆ ರೆಪ್ಪೆ ಅಲುಗುವ ಮೊದಲೇ ಅಕ್ಷಿಪಟಲದಲ್ಲಿ ವಾಸಿಯಾಗದ ಗಾಯವಾಗುತ್ತದೆ. ಅರ್ಧ ವಾಟನ್ನು ಮೀರಿದ ಲೇಸರುಗಳನ್ನೆಲ್ಲ ಅಂತಾರಾಷ್ಟ್ರೀಯ ನಿಯಮಗಳು ನಾಲ್ಕನೆಯ, ಅಂದರೆ ಕಟ್ಟಕಡೆಯ ಅಪಾಯವರ್ಗದಲ್ಲಿರಿಸಿವೆ; ಅವು ಗೋಡೆಗೆ ಬಡಿದು ಚದುರಿದ ಬೆಳಕೂ ಹತ್ತಿರದಲ್ಲಿ ಕಣ್ಣಿಗೆ ಕೇಡಾಗಬಹುದು. ಕಪ್ಪು ಕನ್ನಡಕ ಹಾಕಿಕೊಂಡರಾಯಿತೆಂದು ಹೇಳುವವರ ಮಾತನ್ನು ಎಳ್ಳಷ್ಟೂ ನಂಬಬಾರದು. ಕತ್ತಲೆಗೆ ಪಾಪೆ ಇನ್ನಷ್ಟು ಅಗಲವಾಗಿ ತೆರೆಯುತ್ತದೆ, ಕಿರಣವನ್ನು ತಡೆಯುವ ಬಲವೋ ಆ ಗಾಜಿಗಿಲ್ಲ. ಯಾವ ಅಲೆಯುದ್ದವನ್ನು ಎಷ್ಟು ಪಟ್ಟು ತಗ್ಗಿಸುವುದೆಂದು ಸ್ಪಷ್ಟವಾಗಿ ನಮೂದಿಸಿರುವ ಲೇಸರ್ ಕನ್ನಡಕವೊಂದೇ ಇಲ್ಲಿ ಉಪಯುಕ್ತ.

ನೀಲಿಯದು ಇನ್ನೊಂದು ವಂಚನೆಯುಂಟು. ನಮ್ಮ ಕಣ್ಣು ಹಗಲಿನಲ್ಲಿ ಹಸಿರಿಗೆ ತೋರುವ ಒಲವನ್ನು ನೀಲಿಗೆ ತೋರುವುದಿಲ್ಲ. ಸಮಾನ ಶಕ್ತಿಯ 532 ನ್ಯಾನೋಮೀಟರಿನ ಹಸಿರು ಬೆಳಕು 445ರ ನೀಲಿಗಿಂತ ಸುಮಾರು 30 ಪಟ್ಟು ಪ್ರಕಾಶಮಾನವಾಗಿ ತೋರುತ್ತದೆ. ಹಾಗಾಗಿ ಮಂಕಾಗಿ ಕಾಣುವ ನೀಲಿಯೇ ಹೆಚ್ಚು ಕ್ರೂರವಾಗಿರಬಹುದು. ಹಸಿರಾದರೂ ನಿಷ್ಕಪಟವೆನ್ನುವಂತಿಲ್ಲ. ಅಗ್ಗದ ಹಸಿರು ಲೇಸರುಗಳಲ್ಲಿ ಹಲವು ಮೊದಲು ಅವಕೆಂಪು ಬೆಳಕನ್ನು ಹುಟ್ಟಿಸಿ, ಹರಳುಗಳ ಮೂಲಕ ಅದನ್ನು ಹಸಿರಾಗಿ ಮಾರ್ಪಡಿಸುವಂಥವು. ಉಳಿದ ಅವಕೆಂಪನ್ನು ತಡೆಯುವ ಸೋಸುಗಾಜನ್ನು ತಯಾರಕರು ಕಾಸು ಉಳಿಸಲೆಂದು ಬಿಟ್ಟುಬಿಡುವುದುಂಟು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಅಂಥದೊಂದನ್ನು ಪರೀಕ್ಷಿಸಿದಾಗ, 10 ಮಿಲಿವಾಟಿನದೆಂದು ಮಾರಿದ್ದ ಆ ಕಡ್ಡಿಯಿಂದ 20 ಮಿಲಿವಾಟಿನ ಸಮೀಪದ ಅವಕೆಂಪು ಸೋರುತ್ತಿತ್ತು. ಕಣ್ಣಿಗೆ ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದೆಂತು?

ಈಗ ಕಾಣ್ಕೆಯ ಮಾತಿಗೆ ಬರುತ್ತೇನೆ. ನನ್ನ ಮನಸ್ಸು ಮೊದಲಿನಿಂದಲೂ ಅತ್ತಲೇ ಎಳೆಯುತ್ತಿತ್ತು. ಲೇಸರ್ ಕಿರಣವನ್ನು ಪಕ್ಕದಿಂದ ಯಾರೂ ಎಂದೂ ಕಂಡಿಲ್ಲ. ಕಣ್ಣಿಗೆ ಬರದ ಬೆಳಕು ಕಾಣಿಸದು. ನೇರವಾಗಿ ಮುಂದೆ ಸಾಗುವ ಕಿರಣ ನಮ್ಮ ಕಣ್ಣಿಗೆ ಬರುವುದಾದರೂ ಹೇಗೆ? ದಾರಿಯಲ್ಲಿ ತೇಲುವ ಧೂಳಿ, ಹೊಗೆ, ಮಂಜಿನ ಕಣ, ಉಪ್ಪಿನ ಸೂಕ್ಷ್ಮ ಹರಳು, ಕಡೆಗೆ ಗಾಳಿಯ ಅಣು, ಇವುಗಳಿಗೆ ಬಡಿದು ಪಕ್ಕಕ್ಕೆ ಚದುರಿದ ಅಲ್ಪಾಂಶವನ್ನೇ ನಾವು ಕಿರಣವೆಂದು ಕರೆಯುತ್ತಿರುವುದು. ಗಾಳಿಯ ಅಣುಗಳಂತೂ 445ರ ನೀಲಿಯನ್ನು 650ರ ಕೆಂಪಿಗಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚಾಗಿ ಚದುರಿಸುತ್ತವೆ. ಆಕಾಶ ನೀಲಿಯಾಗಿರುವುದಕ್ಕೂ ಇದೇ ಕಾರಣ. ಸಿನಿಮಾದವರು ಚಿತ್ರೀಕರಣದಲ್ಲಿ ಹೊಗೆಯಂತ್ರವನ್ನು ಇಡುವುದು ಸುಮ್ಮನಲ್ಲ. ಕಾಕ್ಕನಾಡಿನಲ್ಲಿ ಬಂಧುಗಳ ಮನೆಯಲ್ಲಿದ್ದ ಒಂದು ಆಷಾಢದ ಸಂಜೆ, ಸೋನೆಮಳೆ ಹಿಡಿದಿದ್ದಾಗ, ನಾನು ಒಂದು ಚಿಕ್ಕ ಕೆಂಪು ಲೇಸರನ್ನು ಅಂಗಳದ ಕಡೆಗೆ, ತೆಂಗಿನ ಬುಡದತ್ತ ಹಿಡಿದೆ. ಕೋಲಿನಂಥದು ಏನೂ ಕಾಣಲಿಲ್ಲ. ಕಿರಣದ ಹಾದಿಗೆ ಬಿದ್ದ ಹನಿಗಳು ಮಾತ್ರ ಒಂದೊಂದಾಗಿ ಕೆಂಪಗೆ ಮಿನುಗಿ ಕೆಳಗಿಳಿದುವು. ಕಿರಣವೆಂಬುದು ಹನಿಗಳ ಸಾಕ್ಷ್ಯದಿಂದ ನಾವು ಊಹಿಸಿಕೊಂಡ ರೇಖೆಯೆಂಬುದು ಅಂದು ನನಗೆ ಪ್ರತ್ಯಕ್ಷವಾಯಿತು.

ಹೀಗೆ ಚದುರಿ ಬಂದ ಬೆಳಕನ್ನೇ ವಿಜ್ಞಾನಿಗಳು ಓದಲು ಕಲಿತಿದ್ದಾರೆ. ತಿರುವನಂತಪುರದ ತುಂಬದಲ್ಲಿ, ವಿಕ್ರಮ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಸಂಶೋಧಕರು 1980ರ ದಶಕದಲ್ಲಿಯೇ ರಾತ್ರಿಯ ಆಕಾಶಕ್ಕೆ ಲೇಸರನ್ನು ಹಾಯಿಸಿ, ಯಾವ ಎತ್ತರದಿಂದ ಎಷ್ಟು ಬೆಳಕು ಮರಳಿತೆಂದು ಅಳೆದು, ಕರಾವಳಿಯ ಗಾಳಿಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಕಣಗಳು ತೇಲುತ್ತಿವೆಯೆಂಬುದನ್ನು ನೆಲದಲ್ಲಿ ನಿಂತೇ ತಿಳಿದುಕೊಂಡರು. ಬಾಲ್ಕನಿಯ ತರುಣ ಚೆಲುವೆಂದು ಬಯಸಿದ ಆ ಬೆಳಕಿನ ಕೋಲೇ ಅವರಿಗೆ ವಾಯುಮಂಡಲದ ಪುಸ್ತಕವಾಯಿತು. ಅದೇ ನಗರದ ವಟ್ಟಿಯೂರ್ಕಾವಿನಲ್ಲಿ ಇಸ್ರೋದ ಇನ್ನೊಂದು ಘಟಕವು ರಾಕೆಟ್ಟಿನ ತಿರುಗಾಟವನ್ನು ಅಳೆಯುವ ಲೇಸರ್ ಗೈರೋಸ್ಕೋಪುಗಳನ್ನು ರೂಪಿಸುತ್ತದೆ; ಎದುರುಬದುರು ದಿಕ್ಕುಗಳಲ್ಲಿ ಸುತ್ತುವ ಎರಡು ಕ್ಷೀಣಕಿರಣಗಳ ಆವೃತ್ತಿಯ ವ್ಯತ್ಯಾಸದಿಂದ ಅಷ್ಟು ದೊಡ್ಡ ವಾಹನದ ಬಾಗುಬಳುಕು ತಿಳಿಯುತ್ತದೆ. ಕಾಗದವನ್ನು ಸುಡಲಾರದ ಬೆಳಕು ರಾಕೆಟ್ಟಿಗೆ ದಾರಿ ತೋರುತ್ತದೆ.

ಈ ಸಂದರ್ಭದಲ್ಲಿ ಒಂದು ಮೌಢ್ಯವನ್ನು ಖಂಡಿಸದೆ ಮುಂದುವರಿಯಲಾರೆ. ಪುರಾಣದ ಆಗ್ನೇಯಾಸ್ತ್ರವೂ ಶಿವನ ಹಣೆಗಣ್ಣೂ ಲೇಸರುಗಳೇ ಆಗಿದ್ದುವೆಂದು ವಿದ್ಯಾವಂತರೂ ವೇದಿಕೆಗಳಿಂದ ಸಾರುತ್ತಿದ್ದಾರೆ. ಅಸ್ತ್ರಗಳು ಗರ್ಜಿಸಿದುವು, ದಿಕ್ಕುಗಳನ್ನು ಬೆಳಗಿದುವು, ಜ್ವಾಲೆಗಳನ್ನು ಕಾರಿದುವು ಎಂದು ಕವಿಗಳು ವರ್ಣಿಸಿದ್ದಾರೆ. ಲೇಸರಾದರೋ ಸ್ವಚ್ಛವಾದ ಗಾಳಿಯಲ್ಲಿ ಸದ್ದಿಲ್ಲದೆ, ಪಕ್ಕದವನಿಗೆ ಕಾಣದೆ ಸಾಗುವಂಥದು. ಲೇಸರಿಗೆ ಆಧಾರವಾದ ಪ್ರಚೋದಿತ ಉತ್ಸರ್ಜನೆಯೆಂಬ ತತ್ತ್ವವನ್ನು 1917ರಲ್ಲಿ ಐನ್‌ಸ್ಟೈನ್ ಲೆಕ್ಕದಿಂದ ಕಂಡುಕೊಂಡ ಮೇಲೆಯೂ ಅದನ್ನು ಯಂತ್ರವಾಗಿಸಲು ನಾಲ್ಕು ದಶಕಗಳ ಶ್ರಮ ಬೇಕಾಯಿತು. ಕಾವ್ಯದ ಮಹಿಮೆಗೆ ಭೌತಶಾಸ್ತ್ರದ ಪ್ರಮಾಣಪತ್ರ ಬೇಕಿಲ್ಲ. ಆ ಪತ್ರವನ್ನು ಸುಳ್ಳಾಗಿ ಬರೆದುಕೊಟ್ಟರೆ ಎರಡಕ್ಕೂ ಅವಮಾನ.

ಆಕಾಶಕ್ಕೆ ಹಿಡಿಯುವ ವಿಚಾರದಲ್ಲಿ ನನ್ನ ಉತ್ತರ ಖಂಡಿತವಾಗಿ ಬೇಡವೆಂಬುದೇ. ಮೀಟರಿಗೆ 1 ಮಿಲಿಮೀಟರಿನಂತೆ ಹರಡುವ ಕಿರಣ 3 ಕಿಲೋಮೀಟರ್ ದೂರದಲ್ಲಿ 3 ಮೀಟರ್ ಅಗಲವಾಗಿ, ನೆಡುಂಬಾಶೇರಿಯ ವಿಮಾನನಿಲ್ದಾಣಕ್ಕೆ ಇಳಿಯುತ್ತಿರುವ ವಿಮಾನದ ಮುಂಗಾಜನ್ನೆಲ್ಲ ಬೆಳಕಿನಿಂದ ತುಂಬಿ, ಚಾಲಕರ ಕಣ್ಣನ್ನು ಅತ್ಯಂತ ಅಗತ್ಯವಾದ ನಿಮಿಷದಲ್ಲಿಯೇ ಕೋರೈಸಬಲ್ಲುದು. 2021ರ ದುರ್ಗಾಪೂಜೆಯಲ್ಲಿ ಕೋಲ್ಕತ್ತದ ಪೆಂಡಾಲೊಂದರ ಲೇಸರ್ ಪ್ರದರ್ಶನವನ್ನು ವಿಮಾನಚಾಲಕರ ದೂರಿನ ಮೇಲೆ ನಿಲ್ಲಿಸಬೇಕಾಯಿತು.

ಹಾಗಾದರೆ ಕಟ್ಟುವ ಹಂಬಲವನ್ನು ಕೈಬಿಡಬೇಕೆ? ಎಂದಿಗೂ ಇಲ್ಲ. ಹವ್ಯಾಸಿಗಳ ಲೇಸರುಗಳಲ್ಲಿ ನನ್ನನ್ನು ಅತ್ಯಂತ ಬೆರಗುಗೊಳಿಸಿದ್ದು 1974ರ ಜೂನ್ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಹವ್ಯಾಸಿ ವಿಜ್ಞಾನಿಯ ಅಂಕಣದಲ್ಲಿ ಬಂದ ನೈಟ್ರೋಜನ್ ಲೇಸರು. ಇದರ ಬೆಳಕು 337 ನ್ಯಾನೋಮೀಟರಿನ ಅತಿನೇರಳೆ. ಕನ್ನಡಿಗಳಿಲ್ಲದೆಯೂ ಇದು ಕೆಲಸ ಮಾಡುತ್ತದೆ. ಈ ಬಗೆಯ ಕೆಲವು ಲೇಸರುಗಳಿಗೆ ನಾವು ಉಸಿರಾಡುವ ಸಾಮಾನ್ಯ ಗಾಳಿಯೇ ಸಾಕು! ಆದರೆ ಅದು ಸಾವಿರಾರು ವೋಲ್ಟುಗಳನ್ನು ಬೇಡುವುದರಿಂದ ಒಂಟಿಯಾಗಿ ಮನೆಯಲ್ಲಿ ಕೈಹಾಕತಕ್ಕ ಕಾರ್ಯವಲ್ಲ. ಕಾಕ್ಕನಾಡಿನ ಪಕ್ಕದಲ್ಲಿಯೇ, ಕಳಮಶ್ಶೇರಿಯ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯದಲ್ಲಿ, 1995ರಿಂದ ಇಂಟರ್‌ನ್ಯಾಷನಲ್ ಸ್ಕೂಲ್ ಆಫ್ ಫೋಟಾನಿಕ್ಸ್ ಎಂಬ, ಲೇಸರಿಗಾಗಿಯೇ ಮುಡಿಪಾದ ವಿಭಾಗವಿದೆ; ಬಲವಾದ ಲೇಸರಿನ ಆಸೆಯುಳ್ಳವರು ಮೊದಲು ಅಂಥ ಕಡೆಯ ಬಲ್ಲವರನ್ನು ಕಾಣುವುದು ಲೇಸು.

ಅಲ್ಲಿಯವರೆಗೆ, 1 ಮಿಲಿವಾಟಿನ ಕೆಂಪು ಲೇಸರಿನಿಂದ ಮಾಡಬಹುದಾದ ಅಳತೆಯೊಂದನ್ನು ಸೂಚಿಸುತ್ತೇನೆ. ಕತ್ತಲೆಗೋಣೆಯಲ್ಲಿ ತಲೆಗೂದಲೊಂದನ್ನು ರಟ್ಟಿನ ಕಿಂಡಿಗೆ ಅಡ್ಡಲಾಗಿ ಅಂಟಿಸಿ, ಗೋಡೆಯಿಂದ 2 ಮೀಟರ್ ದೂರದಲ್ಲಿ ನಿಲ್ಲಿಸಿ, ಕಿರಣವನ್ನು ಕೂದಲಿನ ಮೇಲೆ ಹಾಯಿಸಿರಿ. ಗೋಡೆಯ ಮೇಲೆ ಬೆಳಕೂ ಕತ್ತಲೆಯೂ ಸಾಲುಗಟ್ಟಿದ ಪಟ್ಟೆಗಳು ಮೂಡುತ್ತವೆ. ಒಂದು ಕತ್ತಲೆಪಟ್ಟೆಯಿಂದ ಅದೇ ಪಕ್ಕದ ಮುಂದಿನ ಕತ್ತಲೆಪಟ್ಟೆಗಿರುವ ಅಂತರವನ್ನು ಅಳತೆಪಟ್ಟಿಯಿಂದ ನೋಡಿ, ಅಲೆಯುದ್ದವನ್ನು ಗೋಡೆಯ ದೂರದಿಂದ ಗುಣಿಸಿ, ಬಂದುದನ್ನು ಆ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪ ಸಿಕ್ಕುತ್ತದೆ. 650 ನ್ಯಾನೋಮೀಟರಿನ ಬೆಳಕಿಗೆ ಅಂತರ 18 ಅಥವಾ 19 ಮಿಲಿಮೀಟರ್ ಬಂದರೆ ಕೂದಲು ಸುಮಾರು 70 ಮೈಕ್ರೋಮೀಟರ್ ದಪ್ಪವಾಗಿದೆಯೆಂದು ತಿಳಿಯಬೇಕು. ಎಳೆಗೂಸಿನ ಕೂದಲಿಗೆ ಪಟ್ಟೆಗಳು ಇನ್ನೂ ಅಗಲವಾಗಿ ಹರಡುವುವು.